ಕೊಡೆ ರಾಯರ ಹೆಂಡತಿ

ಹಾಸ್ಯವನ್ನು ಓದಿ ನಗುವುದು ಬೇರೆ, ಪರೀಕ್ಷೆಗೆಂದು ಓದುವುದು ಬೇರೆ ಎಂಬುದು ಮಂಕಿಯ ವಿಶ್ವನಾಥ ಮಾಸ್ತರರಿಗೆ ಎಂ.ಎ.ಯಲ್ಲಿ ಎರಡು ಸಲ ನಪಾಸಾದ ಮೇಲೆ ಗೊತ್ತಾಯಿತು.

ಮಾಸ್ತರರು ಭಟ್ಕಳದ ಹತ್ತಿರದ ತೆಂಗಿನಗುಂಡಿಯಲ್ಲಿ ಶಾಲೆ ಮಾಸ್ತರರು. ಮಂಕಿಯಿಂದ ಭಟ್ಕಳಕ್ಕೆ ಬಸ್ಸು, ಅಲ್ಲಿಂದ ಕಡಲ ದಂಡೆಗೆ ಟೆಂಪೋ. ಹೀಗೆ ದಿನಾ ಅಲ್ಲಾಡಿಕೊಂಡು ಹೋಗಿ ಬರುವ ಹೊತ್ತನ್ನು ಹಾಳು ಮಾಡಬಾರದೆಂದು ಧಾರವಾಡಕ್ಕೆ ಖಾಸಗಿಯಾಗಿ ಕನ್ನಡ ಎಂ.ಎ. ಕಟ್ಟಿದ್ದರು. ಉಳಿದ ಪತ್ರಿಕೆಗಳೆಲ್ಲ ಹೇಗೋ ದಡ ಸೇರಿದವು. ಒಂದು ಮಾತ್ರ ಎರಡು ವರ್ಷವೂ ಮುಳುಗಿತು. ಅದಕ್ಕೆ ಪಠ್ಯವಾಗಿದ್ದ ಪುಸ್ತಕ ‘ಕೊಡೆ ಸಮೇತ ಯುರೋಪು’. ಯಾವುದೋ ಕಾಲದಲ್ಲಿ ಒಬ್ಬ ರಾಯರು ಕೈಯಲ್ಲೊಂದು ಕಪ್ಪು ಕೊಡೆ ಹಿಡಿದು ಬೊಂಬಾಯಿಯಲ್ಲಿ ಹಡಗು ಹತ್ತಿ, ಲಂಡನ್ನು, ಪ್ಯಾರಿಸ್ಸು, ವೆನಿಸ್ಸು ಎಂದು ಸುತ್ತಾಡಿ, ಹೋದಲ್ಲೆಲ್ಲ ಫಜೀತಿಪಟ್ಟು ಬರೆದ ಕಥನ. ಓದಿದವರು ಬಿದ್ದು ಬಿದ್ದು ನಗುತ್ತಾರೆಂದು ಮುನ್ನುಡಿಯಲ್ಲೇ ಬರೆದಿತ್ತು. ಪ್ರಶ್ನೆ ಪ್ರತಿ ವರ್ಷ ಒಂದೇ: ಈ ಕೃತಿಯಲ್ಲಿ ಹಾಸ್ಯದ ಸ್ವರೂಪವನ್ನು ಸೋದಾಹರಣವಾಗಿ ವಿವೇಚಿಸಿ.

ಒಳ್ಳೆಯ ಹಾಸ್ಯ ಬರೆದವರು ಸತ್ತ ಮೇಲೆ ಇಂಥ ಪ್ರಶ್ನೆಯಾಗಿ ಹುಟ್ಟುತ್ತಾರೆ. ನಮ್ಮಂಥ ಸಣ್ಣಪುಟ್ಟ ನಗೆಗಾರರಿಗೆ ಆ ಭಯವಿಲ್ಲ. ಮಾಸ್ತರರಂತೂ ಪುಸ್ತಕವನ್ನು ಮತ್ತೆ ಮತ್ತೆ ಓದಿದರು. ನಗು ಬರಲಿಲ್ಲ, ಟಿಪ್ಪಣಿ ಬಂತು. ಎಲ್ಲಿ ನಗಬೇಕೆಂಬುದೇ ಗೊತ್ತಾಗದವನು ನಗೆಯ ಸ್ವರೂಪವನ್ನು ವಿವೇಚಿಸುವುದು ಹೇಗೆ? ಮೂರನೆಯ ಸಲದ ತಯಾರಿಗೆ ಅವರೊಂದು ಉಪಾಯ ಹೂಡಿದರು. ಪುಸ್ತಕವನ್ನು ನಾಲ್ಕು ಜನರ ಮುಂದೆ ಓದುವುದು, ಅವರು ನಕ್ಕ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುವುದು, ಗುರುತು ಹಾಕಿದ್ದನ್ನೆಲ್ಲ ಪರೀಕ್ಷೆಯಲ್ಲಿ ಬರೆಯುವುದು.

ನಾಲ್ಕು ಜನಕ್ಕೆ ದೂರ ಹೋಗಬೇಕಿರಲಿಲ್ಲ. ಶಾಲೆಯ ಹಿಂದೆಯೇ ಕಡಲು. ಮಳೆಗಾಲಕ್ಕೆ ದೋಣಿಗಳನ್ನು ದಂಡೆಗೆ ಎಳೆದು, ತೆಂಗಿನ ಮಡಲು ಮುಚ್ಚಿ, ಗಂಡಸರೆಲ್ಲ ದೊಡ್ಡದೊಂದು ಚಪ್ಪರದ ಕೆಳಗೆ ಬಲೆ ರಿಪೇರಿಗೆ ಕೂರುತ್ತಿದ್ದರು. ಮೊದಲೆಲ್ಲ ಆಷಾಢ ಹಿಡಿದರೆ ಆ ಚಪ್ಪರದಲ್ಲಿ ಪುರಾಣ ಓದಿಸುವ ರೂಢಿಯಿತ್ತು. ಒಬ್ಬನು ಓದುವುದು, ಇನ್ನೊಬ್ಬನು ಅರ್ಥ ಹೇಳುವುದು. ಕೇಳುವವರ ಕೈ ಬಲೆಯಲ್ಲಿ, ಕಿವಿ ಪುರಾಣದಲ್ಲಿ. ಓದುತ್ತಿದ್ದ ಸಣ್ಣ ತಾಂಡೇಲನಿಗೆ ಕಣ್ಣು ಮಂಜಾದ ಮೇಲೆ ಓದು ನಿಂತಿತು. ಅರ್ಥ ಹೇಳುತ್ತಿದ್ದ ಈರಪ್ಪ ಮಾತ್ರ ಉಳಿದಿದ್ದ. ಅವನಿಗೆ ಅಕ್ಷರ ಬಾರದು, ಆದರೆ ಅರ್ಥ ಹೇಳದೆ ಇರಲೂ ಬಾರದು. ಓದುವವರು ಇಲ್ಲದಾಗ ಅವನು ರೇಡಿಯೋದ ಹವಾಮಾನ ವರ್ತಮಾನಕ್ಕೆ ಅರ್ಥ ಹೇಳುತ್ತ ಹೇಗೋ ಕಾಲ ತಳ್ಳುತ್ತಿದ್ದ.

ಅಂಥ ಚಪ್ಪರಕ್ಕೆ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಮಾಸ್ತರರು ಪುಸ್ತಕ, ಪೆನ್ಸಿಲು ಹಿಡಿದು ಬಂದರು. ರಾಯರು ಹಡಗು ಹತ್ತಿದ್ದನ್ನು ಓದಿದರು. ಹಡಗಿನಲ್ಲಿ ಹೊಟ್ಟೆ ತೊಳಸಿ, ಉಂಡದ್ದೆಲ್ಲ ಅರಬ್ಬೀ ಸಮುದ್ರಕ್ಕೆ ಅರ್ಪಿತವಾದ ಭಾಗ ಬಂತು. ಪಂಡಿತರ ಪ್ರಕಾರ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ನಗಿಸುವ ಪ್ರಸಂಗವೇ ಅದು. ಮಾಸ್ತರರು ಪೆನ್ಸಿಲು ಎತ್ತಿಕೊಂಡು ಕಾದರು. ಚಪ್ಪರದಲ್ಲಿ ಒಬ್ಬನೂ ನಗಲಿಲ್ಲ. ಹೊಟ್ಟೆ ತೊಳಸುವುದರಲ್ಲಿ ನಗುವಂಥದ್ದು ಏನಿದೆಯೆಂದು ಕಡಲಿಗೆ ಹೋಗುವವರಿಗೆ ತಿಳಿಯಲಿಲ್ಲ. ಎಲ್ಲರಿಗಿಂತ ಹಿರಿಯನಾದ ಕುಪ್ಪ ಸೂಜಿ ನಿಲ್ಲಿಸಿ, ಪಾಪ, ಒಂದು ಉಪ್ಪಿನ ಲಿಂಬೆ ಕಟ್ಟಿಕೊಂಡು ಹೋಗುವುದಲ್ಲವೇ, ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಮರುಗಿದ. ಮಾಸ್ತರರು ಪೆನ್ಸಿಲು ಇಳಿಸಿ ಮುಂದಿನ ಪ್ಯಾರಾಕ್ಕೆ ಹೋಗುವಷ್ಟರಲ್ಲಿ ಈರಪ್ಪ ಎಲೆಯಡಿಕೆಯ ಕವಳ ಉಗಿದು ಬಂದು ಎದುರು ಕೂತ.

“ಮಾಸ್ತರೆ, ಅಲ್ಲೇ ನಿಲ್ಲಿ. ಅರ್ಥ ಹೇಳ್ದೆ ಮುಂದೆ ಹೋಗೂಕೆ ಆಗೂದಿಲ್ಲ.”

ಇದು ಪುರಾಣವಲ್ಲ, ಪ್ರವಾಸಕಥನವೆಂಬ ಪ್ರತ್ಯೇಕ ಸಾಹಿತ್ಯ ಪ್ರಕಾರ ಎಂದು ಮಾಸ್ತರರು ವಿವರಿಸಿದರು. ಈರಪ್ಪ ಅದನ್ನು ಗೌರವದಿಂದ ಕೇಳಿ, ಅದಕ್ಕೂ ಅರ್ಥ ಹೇಳಿದ. ಮರುದಿನ ನೋಡಿದರೆ ಸಣ್ಣ ತಾಂಡೇಲನ ಮನೆಯಿಂದ ಪುರಾಣದ ಮಣೆ ಬಂದಿತ್ತು, ಪಕ್ಕದಲ್ಲಿ ದೀಪ, ಒಡೆಯಲು ತೆಂಗಿನಕಾಯಿ. ಕೊಡೆ ಹಿಡಿದ ರಾಯರು ಗಣಪತಿ ಪೂಜೆಯೊಂದಿಗೆ ಎರಡನೆಯ ಬಾರಿ ಹಡಗು ಹತ್ತಿದರು.

ಪುರಾಣದ ನಿಯಮಗಳೆಲ್ಲ ಈಗ ರಾಯರಿಗೂ ಅನ್ವಯಿಸಿದವು. ಹಾಳೆ ಹಾರಿಸುವಂತಿಲ್ಲ. ಓದುವವನು ಪುಸ್ತಕದಲ್ಲಿ ಇದ್ದದ್ದನ್ನಷ್ಟೇ ಓದಬೇಕು, ಸ್ವಂತದ್ದು ಸೇರಿಸುವ ಅಧಿಕಾರ ಅರ್ಥಗಾರನಿಗೆ ಮಾತ್ರ. ಅರ್ಥವಾಗದೆ ಯಾವ ಮಾತೂ ದಾಟಬಾರದು. ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯ ನಿಯಮ. ಒಂದು ಮಳೆಗಾಲದಲ್ಲಿ ಮುಗಿಯದ ಓದನ್ನು ಮುಂದಿನ ಮಳೆಗಾಲದಲ್ಲಿ ನಡುವಿನಿಂದ ಎತ್ತುವಂತಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬೇಕು. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ದೋಣಿ ಇಳಿಸುವುದು. ದೋಣಿ ಇಳಿದ ಮೇಲೆ ಪುರಾಣ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಹೀಗಾಗಿ ಆ ವರ್ಷ ರಾಯರು ಪ್ಯಾರಿಸ್ಸಿನ ಒಂದು ಹೋಟೆಲಿನಲ್ಲಿ ಬಿಲ್ಲು ಅರ್ಥವಾಗದೆ ನಿಂತಿದ್ದಂತೆಯೇ ಬಲೆಗಳು ದೋಣಿ ಹತ್ತಿದವು. ಮರುವರ್ಷ ಬೊಂಬಾಯಿಯಿಂದ ಹೊರಟವರು ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಸಿಕ್ಕಿಬಿದ್ದರು. ರಾಯರು ಪ್ರತಿ ಆಷಾಢದಲ್ಲಿ ಹೊರಡುತ್ತಿದ್ದರು. ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ನಗು ಬಂದದ್ದು ಮಂಜಿಯಿಂದ.

ಮಂಜಿ ಈರಪ್ಪನ ಹೆಂಡತಿ. ಮಳೆಗಾಲದಲ್ಲಿ ಒಣಮೀನಿನ ಬುಟ್ಟಿ ಹೊತ್ತು ಭಟ್ಕಳದ ಕೇರಿ ಕೇರಿ ತಿರುಗಿ, ಅಲ್ಲಿಯ ಬೀಬಿಯರ ಜೊತೆ ಅವರದೇ ನವಾಯತಿ ಭಾಷೆಯಲ್ಲಿ ಚೌಕಾಸಿ ಮಾಡಿ, ಸಂಜೆ ಚಪ್ಪರದ ಹಾದಿಯಿಂದ ಮನೆಗೆ ಬರುತ್ತಿದ್ದಳು. ಕೂತು ಕೇಳುವಷ್ಟು ಬಿಡುವು ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಬುಟ್ಟಿ ಸೊಂಟಕ್ಕಿಟ್ಟು ಒಂದು ಗಳಿಗೆ ಕಂಬಕ್ಕೆ ಒರಗಿ ನಿಲ್ಲುವುದು, ಅಷ್ಟೆ. ಮೊದಲ ಮಳೆಗಾಲದಲ್ಲೇ ಒಂದು ದಿನ ರಾಯರು ಲಂಡನ್ನಿನಲ್ಲಿ ಮುಳ್ಳು ತೆಗೆದು ಹುರಿದ ಮೀನನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ತಿನ್ನುತ್ತಿದ್ದರು. ಮಂಜಿ ಕೇಳಿಸಿಕೊಂಡಳು.

“ಮುಳ್ಳು ತೆಗೂಕೆ ಬಾರದ ಜನಕ್ಕೆ ಮೀನು ಎಂತಕ್ಕೆ? ಅದ್ನ ನೋಡೂಕೆ ಇವ್ರು ಅಷ್ಟು ದೂರ ಹೋಗೂದು ಎಂತಕ್ಕೆ? ನಮ್ಮನೇಲಿ ಕೂತಿದ್ರೆ ನಾನೇ ಬಿಡಿಸಿ ಕೊಡ್ತಿದ್ನಪ್ಪ, ಇಲ್ಲೊಬ್ರಿಗೆ ಕೊಡೂದಿಲ್ವಾ!”

ಇಲ್ಲೊಬ್ಬರು ಎಂದರೆ ಈರಪ್ಪ. ಚಪ್ಪರ ಬಿದ್ದು ಹೋಗುವ ಹಾಗೆ ಜನ ನಕ್ಕರು. ಮಾಸ್ತರರು ಪೆನ್ಸಿಲು ತೆಗೆದು ಎಲ್ಲಿ ಗುರುತು ಹಾಕಬೇಕೆಂದು ತಡವರಿಸಿದರು. ಈರಪ್ಪನಾದರೋ ಹೆಂಡತಿ ಹೋದ ದಿಕ್ಕನ್ನು ನೋಡಿ ತಲೆ ಕೆರೆದುಕೊಂಡ. ಮರುದಿನದಿಂದ ಅವನ ಅರ್ಥದಲ್ಲಿ ರಾಯರಿಗೊಬ್ಬ ಹೆಂಡತಿ ಬಂದಳು.

ಪುಸ್ತಕದಲ್ಲಿ ಅವಳಿರಲಿಲ್ಲ. ರಾಯರು ಕೊಡೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದರು, ಹೆಂಡತಿಯ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ. ಈರಪ್ಪ ಅವಳನ್ನು ರಾಯರ ಮನೆಯ ಜಗಲಿಯ ಮೇಲೆ ಕೂರಿಸಿ, ಗಂಡ ಹೋದಲ್ಲೆಲ್ಲ ಅವಳಿಂದ ಒಂದು ಮಾತು ಆಡಿಸಿದ. ಬೀದಿಯ ಬದಲು ನೀರೇ ಇರುವ ವೆನಿಸ್ಸಿಗೆ ರಾಯರು ಹೋದರೆ, ಅಂಗಳಕ್ಕೆ ನೀರು ನುಗ್ಗಿದ್ದು ನೋಡಲು ದುಡ್ಡು ಕೊಟ್ಟು ಹೋದಿರೋ, ಆಷಾಢದಲ್ಲಿ ನಮ್ಮ ಅಂಗಳಕ್ಕೆ ಬಂದವರಿಗೆ ನಾವು ಚಾ ಸಹ ಕೊಡುತ್ತೇವೆ ಎಂದಳು. ಹಿಮ ನೋಡಿ ರಾಯರು ಮೈಮರೆತರೆ, ಬಂದರದ ಐಸಿನ ಕಾರ್ಖಾನೆಯಲ್ಲಿ ಹೇಳಿದ್ದರೆ ಪುಕ್ಕಟೆ ಕೂರಿಸುತ್ತಿದ್ದರು ಎಂದಳು. ಪ್ಯಾರಿಸ್ಸಿನ ಬತ್ತಲೆ ಬೊಂಬೆಗಳ ಮುಂದೆ ನಿಂತರೆ, ಅಷ್ಟು ದೊಡ್ಡ ಪೇಟೆಯಲ್ಲಿ ಒಂದು ಪಂಚೆಗೆ ಬರಗಾಲವೇ ಎಂದಳು. ಮಾತು ಯಾರದೆಂದು ಚಪ್ಪರದಲ್ಲಿ ಕುಪ್ಪನೊಬ್ಬನ ಹೊರತು ಯಾರಿಗೂ ಹೇಳಬೇಕಾಗಿರಲಿಲ್ಲ. ಮಂಜಿ ಒಂದು ದಿನ ರಾತ್ರಿ ಊಟಕ್ಕೆ ಬಡಿಸಿ ಹೇಳಿದ್ದು ಮರುದಿನ ಸಂಜೆ ರಾಯರ ಹೆಂಡತಿಯ ಬಾಯಲ್ಲಿ ಬರುತ್ತಿತ್ತು. ಮಂಜಿ ಕಂಬಕ್ಕೆ ಒರಗಿ ಅದನ್ನು ಕೇಳಿ, ಆ ರಾಯರ ಹೆಂಡತಿ ಭಾರಿ ಮಾತಿನ ಮಲ್ಲಿ ಮಾರಾಯರೆ, ಗಂಡ ಊರು ಬಿಟ್ಟು ಹೋಗಿದ್ದು ಸುಮ್ಮನೆ ಅಲ್ಲ ಎಂದು ಹೇಳಿ ಹೋಗುತ್ತಿದ್ದಳು.

ಮಾಸ್ತರರು ಮೂರನೆಯ ಸಲ ಪರೀಕ್ಷೆಗೆ ಕೂತಾಗ ಗಡಿಬಿಡಿಯಲ್ಲಿ, ಈ ಕೃತಿಯಲ್ಲಿ ಹಾಸ್ಯವು ಮುಖ್ಯವಾಗಿ ಲೇಖಕರ ಧರ್ಮಪತ್ನಿಯ ಮಾತುಗಳಿಂದ ಹುಟ್ಟುತ್ತದೆ ಎಂದು ಬರೆದು ಪ್ಯಾರಿಸ್ಸಿನ ಪಂಚೆಯ ಉದಾಹರಣೆ ಕೊಟ್ಟುಬಿಟ್ಟರು. ಹೊರಗೆ ಬಂದ ಮೇಲೆ ತಪ್ಪು ಹೊಳೆಯಿತು. ಆದರೆ ಪಾಸಾಯಿತು. ಉತ್ತರ ನೋಡಿದವರು ಪುಸ್ತಕ ಓದಿರಲಿಲ್ಲವೋ, ಅಥವಾ ಓದಿ ನಗದೆ ಇದ್ದವರು ಇಲ್ಲಿ ನಕ್ಕರೋ, ಹೇಳಬರುವುದಿಲ್ಲ.

ಆ ಪರೀಕ್ಷೆ ಮುಗಿಸಿ ಬರುವಾಗಲೇ ಅವರು ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತ ಪುಸ್ತಕದ ಕೊನೆಯ ಅಧ್ಯಾಯ ಓದಿದ್ದು. ಪರೀಕ್ಷೆಗೆ ಅದು ಬರುವುದಿಲ್ಲವೆಂದು ಗೈಡಿನಲ್ಲಿ ಇದ್ದುದರಿಂದ ಅಲ್ಲಿಯ ತನಕ ಮುಟ್ಟಿರಲಿಲ್ಲ. ಒಂದೂವರೆ ಪುಟ. ರಾಯರು ಮನೆಗೆ ಬರುತ್ತಾರೆ, ಬೀಗ ತೆಗೆಯುತ್ತಾರೆ. ಅವರಿಗೆ ನಿಜವಾಗಿಯೂ ಒಬ್ಬ ಹೆಂಡತಿ ಇದ್ದಳು, ಅವರು ಹೊರಡುವ ಮೊದಲೇ ತೀರಿಹೋಗಿದ್ದಳು ಎಂಬುದು ಆಗ ತಿಳಿಯುತ್ತದೆ. ಮಾಸ್ತರರು ಛೆ ಎಂದರು. ಅಷ್ಟರಲ್ಲಿ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಸೀಟು ಹಿಡಿಯುವ ಗಡಿಬಿಡಿಯಲ್ಲಿ ಆ ಛೆ ಅಲ್ಲಿಯೇ ಉಳಿಯಿತು. ಆಗ ಮಂಜಿ ಗಟ್ಟಿಮುಟ್ಟಾಗಿದ್ದಳು.

ಡಿಗ್ರಿ ಕೈಗೆ ಬಂದ ಮೇಲೆ ಚಪ್ಪರಕ್ಕೆ ಹೋಗುವ ಅಗತ್ಯವಿರಲಿಲ್ಲ. ಆದರೂ ಮಾಸ್ತರರು ಹೋದರು. ಆಷಾಢ ಬಂದರೆ ಅವರ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು. ಪೆನ್ಸಿಲು ಮಾತ್ರ ಒಯ್ಯುವುದು ಬಿಟ್ಟಿದ್ದರು.

ಮಂಜಿ ಸತ್ತದ್ದು ಒಂದು ಬೇಸಗೆಯಲ್ಲಿ. ಎರಡು ದಿನ ಜ್ವರವೆಂದು ಮಲಗಿದಳು, ಮೂರನೆಯ ದಿನ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಬಂದಳು, ಆ ಮೇಲೆ ಏಳಲಿಲ್ಲ. ಹೊನ್ನಾವರದ ಆಸ್ಪತ್ರೆಯ ತನಕ ಕರೆದೊಯ್ದರು. ಬರುವಾಗ ಈರಪ್ಪ ವ್ಯಾನಿನಲ್ಲಿ ಅವಳ ಕಾಲ ಬಳಿ ಕೂತು ಬಂದ. ಮಾಸ್ತರರು ಮಂಕಿಯಲ್ಲಿ ರಸ್ತೆಗೆ ಬಂದು ನಿಂತಿದ್ದರು, ಆದರೆ ಆ ವ್ಯಾನು ನಿಲ್ಲುವ ಹಾಗಿರಲಿಲ್ಲ. ಸಾವಿನ ದಿನಕರ್ಮದ ಹೊತ್ತಿಗೆ ಹೋದಾಗ ಈರಪ್ಪ ಶಾಲೆಯ ಛಾವಣಿ ಸೋರುತ್ತದೆಯೇ ಎಂದು ಕೇಳಿದ. ಹೆಂಡತಿಯ ಮಾತು ಎತ್ತಲಿಲ್ಲ. ಆಮೇಲೂ ಅವನು ಅವಳ ಹೆಸರನ್ನು ಯಾರ ಮುಂದೆಯೂ ಹೇಳಿದ್ದನ್ನು ಕೇಳಿದವರಿಲ್ಲ.

ಆ ಆಷಾಢದಲ್ಲಿ ಓದು ಇಡುವುದೋ ಬೇಡವೋ ಎಂದು ಮಾಸ್ತರರು ಹಿಂದೆಮುಂದೆ ನೋಡುತ್ತಿದ್ದಾಗ ಈರಪ್ಪನೇ ಮಣೆ ಹೊತ್ತು ತಂದ. ಚಪ್ಪರದಲ್ಲಿ ಎಂದಿನಂತೆ ಜನ ಕೂತರು. ರಾಯರು ಹಡಗು ಹತ್ತಿದರು. ಮಾಸ್ತರರು ಓದಿ ನಿಲ್ಲಿಸಿದರು. ಅರ್ಥಕ್ಕೆಂದು ಬಿಟ್ಟ ಆ ತೆರಪಿನಲ್ಲಿ ಎಲ್ಲರ ಸೂಜಿಯೂ ನಿಂತಿತು. ಈರಪ್ಪ, “ಹೆಂಡ್ತಿ ಹೇಳಿದ್ಲಂತೆ, ಬಿಸಿಲಿಲ್ಲದ ದೇಶಕ್ಕೆ ಕೊಡೆ ತಕಂಡು ಹೋಗ್ತ್ರಿ, ಬುದ್ಧಿ ಮಾತ್ರ ಇಲ್ಲೇ ಬಿಟ್ಟು ಹೋಗ್ತ್ರಲ್ಲ ಅಂದೇಳಿ” ಎಂದ. ಜನ ನಕ್ಕರು. ನಗಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಗಟ್ಟಿಯಾಗಿ ನಕ್ಕರು. ಮಂಜಿಯ ಜೊತೆ ಬುಟ್ಟಿ ಹೊರುತ್ತಿದ್ದ ಕಮಲಿ ಆ ಕಂಬದ ಬಳಿ ನಿಂತಿದ್ದವಳು ನಗುತ್ತ ನಗುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಹೊತ್ತಿಗೆ ಮಾಸ್ತರರಿಗೆ ಕುಮಟೆಯ ಬಸ್‌ಸ್ಟ್ಯಾಂಡು ನೆನಪಾಯಿತು. ಪುಸ್ತಕದ ಕೊನೆಯ ಒಂದೂವರೆ ಪುಟ ಕೈಗೆ ಭಾರವಾದಂತೆ ಆಯಿತು.

ಮನೆಗೆ ಹೋಗಿ ಹೆಂಡತಿ ವಿನುತಾಳ ಹತ್ತಿರ ಹೇಳಿಕೊಂಡರು. ಆ ಅಧ್ಯಾಯ ಓದಿದರೆ ಈರಪ್ಪನ ಮನೆಯಲ್ಲಿ ಎರಡನೆಯ ಸಲ ಹೆಣ ಎತ್ತಿದ ಹಾಗೆ ಎಂದರು. ವಿನುತಾ ಕಾಯಿ ತುರಿಯುತ್ತಿದ್ದವಳು, ಹಾಗಾದರೆ ಓದು ಮುಗಿಯದ ಹಾಗೆ ನೋಡಿಕೊಳ್ಳಿ, ನಿಧಾನ ಮಾಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲವಲ್ಲ ಎಂದಳು. ಸ್ವಲ್ಪ ಹೊತ್ತು ತುರಿದು, ತಲೆಯೆತ್ತದೆ ಕೇಳಿದಳು: “ನೀವು ಎಲ್ಲಾದ್ರೂ ದೂರ ಹೋದ್ರೆ ನಾನು ಎಂತ ಹೇಳ್ತೆ ಅಂತ ನಿಮಗೆ ಗೊತ್ತಿತ್ತಾ?” ಮಾಸ್ತರರು ಯೋಚಿಸಿದರು. ಅವರಿಗೆ ಗೊತ್ತಿರಲಿಲ್ಲ. ಎಂ.ಎ. ಆದವರಾದ್ದರಿಂದ, ಅದು ಸಂದರ್ಭವನ್ನು ಅವಲಂಬಿಸಿರುತ್ತದೆ ಎಂದರು.

ಅಂದಿನಿಂದ ಅವರು ರಾಯರನ್ನು ಹೊರದೇಶದಲ್ಲೇ ಉಳಿಸುವ ಕೆಲಸಕ್ಕೆ ಬಿದ್ದರು. ಸಾಲು ಸಾಲನ್ನೂ ಹಿಂಜಿ ಓದಿದರು. ಕಷ್ಟದ ಶಬ್ದ ಬಂದರೆ ಅದರ ಇತಿಹಾಸ ಹೇಳಿದರು. ಗಂಟಲು ನೋವೆಂದು ಎರಡು ದಿನ, ಶಾಲೆಗೆ ಸಾಹೇಬರು ಬರುತ್ತಾರೆಂದು ನಾಲ್ಕು ದಿನ ತಪ್ಪಿಸಿದರು. ಹಿಂದಿನ ದಿನ ಓದಿದ್ದನ್ನು ಮರೆತವರಂತೆ ಮತ್ತೆ ಓದಿದರು. ಈರಪ್ಪನಿಗೆ ಬೇಸರವಾಗಲಿಲ್ಲ. ಅದೇ ಭಾಗಕ್ಕೆ ಅವನು ಹೊಸ ಅರ್ಥ ಹೇಳುತ್ತಿದ್ದ. ಹೀಗೆ ಮೂರು ನಾಲ್ಕು ಮಳೆಗಾಲ ಕಳೆದವು. ರಾಯರ ಹೆಂಡತಿ ಬರಬರುತ್ತ ಬದಲಾದಳು. ಚುಚ್ಚುಮಾತು ಕಡಿಮೆಯಾಯಿತು, ಕೇಳುವುದು ಹೆಚ್ಚಾಯಿತು. ಚಳಿಯಾಗ್ತದಾ, ಕಿವಿಗೆ ಬಟ್ಟೆ ಕಟ್ಟಿಕೊಂಡಿರಾ, ಅಲ್ಲಿಯ ಅಕ್ಕಿ ಹೊಟ್ಟೆಗೆ ಹಿಡಿಸ್ತದಾ, ರಾತ್ರಿ ಎದ್ದರೆ ನೀರು ಕೊಡುವವರು ಯಾರಾದರೂ ಇದ್ದಾರಾ? ನಗಲು ಬಂದವರು ಮೊದಲಿನಷ್ಟು ನಗದೆ ಕೂತರು. ಆದರೆ ಒಬ್ಬನೂ ತಪ್ಪಿಸಲಿಲ್ಲ.

ಆಮೇಲೆ ಬಂತು, ಕಡಲು ಇಳಿಯದ ವರ್ಷ.

ಹುಣ್ಣಿಮೆ ಬಂತು, ಕಾಯಿ ಬಿಟ್ಟರು, ಆದರೆ ತೆರೆ ತಗ್ಗಲಿಲ್ಲ. ಇಳಿಸಿದ ಒಂದು ದೋಣಿ ಅಳಿವೆಯ ಬಾಯಿಂದಲೇ ತಿರುಗಿ ಬಂತು. ಗೌರಿ ಗಣಪತಿ ಹತ್ತಿರವಾದರೂ ಗಂಡಸರು ಚಪ್ಪರದಲ್ಲೇ ಇದ್ದರು. ಬಲೆಯಲ್ಲಿ ರಿಪೇರಿ ಮಾಡಲು ತೂತು ಉಳಿದಿರಲಿಲ್ಲ. ಮಾಸ್ತರರ ಬತ್ತಳಿಕೆಯಲ್ಲಿ ನೆಪ ಉಳಿದಿರಲಿಲ್ಲ. ಹಿಂಜಿ ಹಿಂಜಿ ಓದಿದರೂ ರಾಯರು ವೆನಿಸ್ಸು ಬಿಟ್ಟರು, ಏಡನ್ ಬಂದರು ದಾಟಿದರು, ಅರಬ್ಬೀ ಸಮುದ್ರಕ್ಕೆ ಬಿದ್ದರು. ನಮ್ಮ ಕಡಲಿಗೆ ಬಂದರು ಎಂದು ಚಪ್ಪರದಲ್ಲಿ ಸಡಗರವೇ ಸಡಗರ. ಈ ಸಲ ಮಂಗಳ ಹಾಡಿಯೇ ಬಿಡುವುದೆಂದು ಕಮಲಿ ಪಂಚಕಜ್ಜಾಯಕ್ಕೆ ಬೆಲ್ಲ ತಂದಿಟ್ಟಳು. ಈರಪ್ಪ ತೊಳೆದ ಅಂಗಿ ಹಾಕಿಕೊಂಡು ಬಂದ. ಅವನ ರಾಯರ ಹೆಂಡತಿ ಎರಡು ದಿನದಿಂದ ಜಗಲಿ ಸಾರಿಸಿ, ತಂಬಿಗೆಯಲ್ಲಿ ಕಾಲು ತೊಳೆಯುವ ನೀರಿಟ್ಟು ಕಾಯುತ್ತಿದ್ದಳು.

ಮಾಸ್ತರರು ಹಡಗು ಬೊಂಬಾಯಿ ಮುಟ್ಟಿದ್ದನ್ನು ಓದಿ, ಪುಸ್ತಕ ಮಡಚಿ ಕೈಮುಗಿದು, ಇಲ್ಲಿಗೆ ಸಂಪೂರ್ಣ ಎಂದರು.

ಕುಪ್ಪನಿಗೆ ಸಮಾಧಾನವಾಗಲಿಲ್ಲ. ಬಂದರಕ್ಕೆ ಬಂದರೆ ಮನೆಗೆ ಬಂದ ಹಾಗೆ ಆಯಿತೇ, ಬಂದರದಿಂದ ಮನೆಗೆ ಬರದೆ ಉಳಿದವರನ್ನು ತಾನೆಷ್ಟು ಕಂಡಿಲ್ಲ ಎಂದ. ಉಳಿದವರೂ ದನಿಗೂಡಿಸಿದರು. ಈರಪ್ಪ ಕೈ ಚಾಚಿ ಪುಸ್ತಕದ ಅಂಚನ್ನು ಬೆರಳಿನಿಂದ ತಡವಿದ.

“ಹಾಳೆ ಇನ್ನೂ ಅದಲ್ಲ ಮಾಸ್ತರೆ.”

ಮಾಸ್ತರರು ಪುಸ್ತಕ ಬಿಡಿಸಿದರು. ಒಂದೂವರೆ ಪುಟ ಎದುರಿಗಿತ್ತು. ಈರಪ್ಪನಿಗೆ ಓದು ಬಾರದು, ಚಪ್ಪರದಲ್ಲಿ ಓದಬಲ್ಲವರು ಯಾರೂ ಪುಸ್ತಕದ ಹತ್ತಿರ ಇರಲಿಲ್ಲ. ಜೀವಮಾನದಲ್ಲಿ ಒಂದು ಸಾಲು ಸ್ವಂತ ಬರೆಯದ ಮಾಸ್ತರರು ಅಲ್ಲಿಯೇ, ನಿಂತ ನಿಲುವಿನಲ್ಲಿ ಗ್ರಂಥಕರ್ತರಾದರು. ಪುಟದ ಮೇಲೆ ಕಣ್ಣಿಟ್ಟು ಹೇಳಿದರು: ನಾನು ಮನೆ ಮುಟ್ಟಿದಾಗ ಸಂಜೆಯಾಗಿತ್ತು. ನನ್ನ ಹೆಂಡತಿ ಜಗಲಿಯ ಮೇಲೆ ನಿಂತಿದ್ದಳು. ನನ್ನನ್ನೂ ನನ್ನ ಕೊಡೆಯನ್ನೂ ನೋಡಿ ಅವಳು ನಕ್ಕು—

“ಮಾಸ್ತರೆ” ಎಂದ ಈರಪ್ಪ.

ಅವನು ಸಿಟ್ಟಾಗಿರಲಿಲ್ಲ. ಬಹಳ ಮೆಲ್ಲಗೆ ಮಾತಾಡಿದ.

“ಅದು ರಾಯರ ಮಾತಲ್ಲ, ನನ್ನದು. ಇಷ್ಟು ವರ್ಷದಲ್ಲಿ ರಾಯರು ಒಂದು ದಿನ ಹೆಂಡ್ತಿ ಸುದ್ದಿ ಎತ್ತಿದ್ರಾ? ಇವತ್ತು ಎಂತಕ್ಕೆ ಎತ್ತಿದ್ರು? ನೀವು ಓದೂದು ಓದಿ. ಅರ್ಥ ನಾನು ಹೇಳ್ತೆ.”

ಮಾಸ್ತರರು ಸುತ್ತ ನೋಡಿದರು. ಇಷ್ಟು ವರ್ಷ ಇಲ್ಲದ ಶಿಸ್ತಿನಿಂದ ಎಲ್ಲರೂ ಬಲೆ ಬದಿಗಿಟ್ಟು ಕೂತಿದ್ದರು. ಇನ್ನು ದಾರಿಯಿರಲಿಲ್ಲ. ಅವರು ಇದ್ದದ್ದನ್ನು ಇದ್ದ ಹಾಗೆ ಓದಿದರು.

‘ಬೀಗ ತುಕ್ಕು ಹಿಡಿದಿತ್ತು. ತೆಗೆಯಲು ಹೊತ್ತು ಹಿಡಿಯಿತು. ಕೊಡೆಯನ್ನು ಬಾಗಿಲ ಹಿಂದೆ ನಿಲ್ಲಿಸಿ ಒಳಗೆ ಹೋದೆ. ಕಂಡದ್ದನ್ನೆಲ್ಲ ಹೇಳಬೇಕೆಂದು ಮನಸ್ಸಾಯಿತು. ಕೇಳಬೇಕಾದವಳು ನಾನು ಹೊರಡುವ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದಳು. ಖಾಲಿ ಮನೆಯಲ್ಲಿ ಇರಲಾರದೆ ಹೊರಟವನು ನಾನು. ಈ ಪುಸ್ತಕವನ್ನು ಓದುವಾಗ ನೀವು ಎ‌ಲ್ಲೆಲ್ಲಿ ನಕ್ಕಿರೋ ನಾನರಿಯೆ. ಅವಳಿದ್ದಿದ್ದರೆ ಎಲ್ಲಿ ನಗುತ್ತಿದ್ದಳೆಂದು ಊಹಿಸಿಕೊಂಡು ಬರೆದಿದ್ದೇನೆ.’

ಓದು ಮುಗಿಯಿತು. ಅರ್ಥಕ್ಕೆ ಬಿಡುವ ತೆರಪು ಬಂತು. ಹೊರಗೆ ತೆರೆ ದಂಡೆಗೆ ಅಪ್ಪಳಿಸುವುದು ಕೇಳುತ್ತಿತ್ತು. ಅರ್ಥ ಹೇಳದೆ ಏಳುವಂತಿಲ್ಲ, ಅದು ಈರಪ್ಪನೇ ಕಾಯ್ದುಕೊಂಡು ಬಂದ ನಿಯಮ.

“ರಾಯರು ಬಂದ್ರು” ಎಂದ. “ಬಾಗಿಲು ತೆಗೆದ್ರು. ಹೆಂಡ್ತಿ ಇರ್ಲಿಲ್ಲ. ಮುಂಚೆಯೂ ಇರ್ಲಿಲ್ಲ.”

ಕುಪ್ಪ ವಯಸ್ಸಾದ ಮನುಷ್ಯ, ಕಪಟವಿಲ್ಲದವನು. ಅವನಿಗೆ ಲೆಕ್ಕ ಕೂಡಿ ಬರಲಿಲ್ಲ.

“ಹಂಗಾರೆ ಇಷ್ಟು ವರ್ಷ ಮಾತಾಡ್ದೋಳು ಯಾರಾ?”

ಕಮಲಿ ಅವನ ತೋಳು ಹಿಡಿದು ಜಗ್ಗಿದಳು. ಈರಪ್ಪ ಅವಳನ್ನು ಕೈಸನ್ನೆಯಿಂದ ತಡೆದ. ಕೇಳಿದ್ದು ಸರಿಯಾದ ಪ್ರಶ್ನೆ ಎಂಬಂತೆ ಕುಪ್ಪನ ಕಡೆ ನೋಡಿ ಹೇಳಿದ.

“ಮಂಜಿ.”

ಅಷ್ಟೆ. ಅವನ ಭುಜ ಅಲುಗತೊಡಗಿದಾಗ ಪಕ್ಕದಲ್ಲಿದ್ದವರು ಅವನತ್ತ ನೋಡದೆ ಬಲೆ ಎತ್ತಿಕೊಂಡು, ಇಲ್ಲದ ತೂತುಗಳನ್ನು ಹುಡುಕಿದರು. ಮಂಗಳ ಹಾಡಬೇಕಾಗಿತ್ತು. ಯಾರೂ ಎತ್ತಿಕೊಡಲಿಲ್ಲ. ಕಮಲಿ ಪಂಚಕಜ್ಜಾಯವನ್ನು ಎಲ್ಲರ ಕೈಗೂ ಹಾಕುತ್ತ ಬಂದಳು. ಪ್ರಸಾದ ಬಿಸಾಡುವಂತಿಲ್ಲವಲ್ಲ, ನಿಂತುಕೊಂಡೇ ತಿಂದರು. ಎರಡು ದಿನದ ಮೇಲೆ ಕಡಲು ಇಳಿಯಿತು.

ಮಾಸ್ತರರು ಆ ವರ್ಷವಿಡೀ ತಮ್ಮನ್ನು ತಾವು ಬೈದುಕೊಂಡರು. ಎಂ.ಎ. ಮೂರನೆಯ ಸಲ ಕಟ್ಟದೇ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದರು. ಮುಂದಿನ ಆಷಾಢಕ್ಕೆ ಹೊನ್ನಾವರದ ಅಂಗಡಿಯಲ್ಲಿ ನೀತಿಕತೆಯ ದಪ್ಪದೊಂದು ಪುಸ್ತಕ ಕೊಂಡು, ಅದರಲ್ಲಿ ಯಾರಿಗೂ ಹೆಂಡತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಚಪ್ಪರಕ್ಕೆ ತಂದರು. ಈರಪ್ಪ ಅದನ್ನು ತಿರುಗಿಸಿ ನೋಡಿ ಮಣೆಯ ಕೆಳಗಿಟ್ಟ. ಬೇಡ, ಅದನ್ನೇ ಓದಿ, ರೂಢಿಯಾದದ್ದು ಎಂದ. ಒಂದು ಕ್ಷಣ ಮಾಸ್ತರರಿಗೆ ಆಸೆಯಾಯಿತು. ಮೊದಲಿನಿಂದ ಶುರುವಾದರೆ ಎಲ್ಲವೂ ಮೊದಲಿನ ಹಾಗೆಯೇ ಇರುತ್ತದೆಯೆಂದು ನಂಬುವವರು ಶಾಲೆ ಮಾಸ್ತರರು. ಪ್ರತಿ ಜೂನಿನಲ್ಲಿ ಅದೇ ಪಾಠ ಹೇಳಿದವರು.

ರಾಯರು ಕೊಡೆ ಹಿಡಿದು ಹಡಗು ಹತ್ತಿದರು. ಮಾಸ್ತರರು ನಿಲ್ಲಿಸಿದರು.

“ರಾಯರು ಹಡಗು ಹತ್ತಿದ್ರು” ಎಂದ ಈರಪ್ಪ.

ಜನ ಕಾದರು. ಅವನು ಬಲೆಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದ. ಮಾಸ್ತರರು ಹೊಟ್ಟೆ ತೊಳಸಿದ ಭಾಗ ಓದಿದರು.

“ಹೊಟ್ಟೆ ತೊಳಸ್ತು. ಮಲಗಿದ್ರು.”

ಕಂಬದ ಹತ್ತಿರ ನಿಂತಿದ್ದ ಕಮಲಿಗೆ ತಡೆದುಕೊಳ್ಳಲಾಗಲಿಲ್ಲ. “ಆಗ ಹೆಂಡ್ತಿ ಎಂತ ಹೇಳಿದ್ಲು ಗೊತ್ತಿತ್ತಾ” ಎಂದು ನಗುಮುಖ ಮಾಡಿಕೊಂಡು ತಾನೇ ಶುರುಮಾಡಿದಳು.

“ಅವ್ರಿಗೆ ಹೆಂಡ್ತಿ ಇಲ್ಲ, ಕಮಲಿ” ಎಂದ ಈರಪ್ಪ. ತಲೆಯೆತ್ತಲಿಲ್ಲ. “ಆತು, ಓದಿ ಮಾಸ್ತರೆ.”

ಮಾಸ್ತರರು ಓದಿದರು. ಅದು ರಾಯರು ಬಹಳ ಕಷ್ಟಪಟ್ಟು ಬರೆದ ನಗೆಯ ಸಾಲು. ಅಷ್ಟು ಮಳೆಯ ಸದ್ದಿನಲ್ಲೂ ನಗುವವರಿಲ್ಲದ ಚಪ್ಪರದ ಕೊನೆಯವರೆಗೆ, ಒಂದಕ್ಷರ ಬಿಡದೆ ಕೇಳಿಸಿತು.